ಕೆಂಪು ಶಾಯಿಯ ಹಿಂದೆ ಏನಾಗಿತ್ತು ಎಂದು ಯಾರಾದರೂ ಕೇಳಿದರೇ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಾಜಿ ಸೈನಿಕರಲ್ಲಿ, ಮಕ್ಕಳನ್ನು ಮಿಲಿಟರಿಗೆ ಕಳಿಸಿರುವ ತಂದೆ ತಾಯಿಯರಲ್ಲಿ ಒಂದು ಮನವಿ

ಗಡಿಯಲ್ಲಿ ಗುಂಡು ತಗುಲಿ ಕಾಲು ಕಳೆದುಕೊಂಡವರು ಊರಿಗೆ ಬಂದರೆ ಹಾರ ಹಾಕಿ ಮೆರವಣಿಗೆ ಮಾಡುತ್ತೇವೆ. ಬ್ಯಾರಕ್ಕಿನೊಳಗೆ ಮೇಲಿನವನಿಂದಲೋ ಜೊತೆಯವನಿಂದಲೋ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿ ಮನಸ್ಸು ಮುರಿದು ಬಂದವರ ಸುದ್ದಿಯನ್ನು ಮನೆಯವರೇ ಮುಚ್ಚಿಡುತ್ತಾರೆ. ಇಬ್ಬರಿಗೂ ಗಾಯವಾದದ್ದು ಸೇವೆಯಲ್ಲಿದ್ದಾಗಲೇ. ಮೊದಲನೆಯವರಿಗೆ ಅಂಗವೈಕಲ್ಯ ಪಿಂಚಣಿ ಉಂಟು. ಎರಡನೆಯವರಿಗೂ ಸಿಗಬೇಕು, ಅದಕ್ಕೆ ಎಫ್‌ಐಆರ್ ಆಗಲಿ ಕೋರ್ಟ್ ಮಾರ್ಷಲ್ ತೀರ್ಪಾಗಲಿ ಷರತ್ತಾಗಬಾರದು. ನಮ್ಮ ವಾದ ಇಷ್ಟೇ.

ಕಾನೂನಿನಲ್ಲಿ ಇದಕ್ಕೆ ನೆಲೆ ಇಲ್ಲದೆ ಇಲ್ಲ. 1982ರ ಸೇನಾ ಪಿಂಚಣಿ ಅರ್ಹತಾ ನಿಯಮಗಳಲ್ಲೇ, ಸೇವೆಯ ಒತ್ತಡದಿಂದ ಬಾಧಿತವಾಗುವ ಕಾಯಿಲೆಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳಿವೆ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು: ಭರ್ತಿಯಾಗುವಾಗ ದಾಖಲಾಗದ ಕಾಯಿಲೆ ಆಮೇಲೆ ಕಾಣಿಸಿಕೊಂಡರೆ ಅದು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು, ಅಲ್ಲ ಎನ್ನುವವರು ರುಜುವಾತು ಮಾಡಬೇಕು. ಆದರೂ ಮೆಡಿಕಲ್ ಬೋರ್ಡಿನ ಹಾಳೆಯಲ್ಲಿ ‘ಎನ್‌ಎಎನ್‌ಎ’, ಅಂದರೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಬರೆದುಬಿಟ್ಟರೆ ಪಿಂಚಣಿಯ ಬಾಗಿಲು ಮುಚ್ಚಿತು. ಮನಸ್ಸಿನ ಕಾಯಿಲೆಯಾದರೆ ಹಾಗೆ ಬರೆಯುವುದು ಇನ್ನೂ ಸುಲಭ.

ಅದಕ್ಕಿಂತ ದೊಡ್ಡ ಅನ್ಯಾಯ ಬೋರ್ಡಿಗೆ ಹೋಗುವ ಮೊದಲೇ ನಡೆದಿರುತ್ತದೆ. ದೌರ್ಜನ್ಯಕ್ಕೆ ಒಳಗಾದ ಸೈನಿಕ ಏನು ಮಾಡುತ್ತಾನೆ? ರಜೆಗೆ ಬಂದವನು ವಾಪಸ್ ಹೋಗಲು ಹೆದರಿ ದಿನ ಮೀರಿಸುತ್ತಾನೆ. ರಾತ್ರಿ ನಿದ್ದೆ ಹತ್ತದೆ ಕುಡಿಯಲು ಕಲಿಯುತ್ತಾನೆ. ಬೇರೆ ಯೂನಿಟ್ಟಿಗೆ ಹಾಕಿ ಎಂದು ಮೇಲಿಂದ ಮೇಲೆ ಅರ್ಜಿ ಕೊಡುತ್ತಾನೆ. ಸೇನೆಯ ವೈದ್ಯಕೀಯ ದರ್ಜೆಯಲ್ಲಿ ಪೂರ್ಣ ಆರೋಗ್ಯದ ಷೇಪ್-1 ಇದ್ದವನು ಮನಸ್ಸಿನ ಕಾರಣಕ್ಕೆ ಎಸ್-2, ಎಸ್-3ಕ್ಕೆ ಇಳಿಯುತ್ತಾನೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ 2002ರಲ್ಲಿ ಮಾಡಿದ ನಿಯಮದ ಪ್ರಕಾರ ಇವೆಲ್ಲ ಸಾಕ್ಷ್ಯ. ದೂರೇ ಕೊಡದಿದ್ದರೂ, ದಿಢೀರ್ ಕುಸಿದ ಕೆಲಸ, ವರ್ಗಾವಣೆಯ ಕೋರಿಕೆ, ಕುಡಿತ, ಆಸ್ಪತ್ರೆಯ ಚೀಟಿ, ಗೆಳೆಯರಿಗೆ ಮನೆಯವರಿಗೆ ಬರೆದ ಪತ್ರ, ಇವನ್ನು ನೋಡಿ ದೌರ್ಜನ್ಯ ನಡೆದಿರಬಹುದೇ ಎಂದು ಅಲ್ಲಿ ನಿರ್ಧರಿಸುತ್ತಾರೆ. ಇಲ್ಲಿ ಅದೇ ವರ್ತನೆಗೆ ಸೇವಾ ದಾಖಲೆಯಲ್ಲಿ ಶಿಕ್ಷೆಯ ಕೆಂಪು ಶಾಯಿಯ ನಮೂದು ಬೀಳುತ್ತದೆ. ಅಂಥ ನಾಲ್ಕು ಬಿದ್ದರೆ ‘ಬೇಡದ ಸೈನಿಕ’ ಎಂದು ಮನೆಗೆ. ನಾಲ್ಕಾದವು ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಹೊರಹಾಕುವಂತಿಲ್ಲ, ವಿಚಾರಣೆ ಆಗಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಹೇಳಬೇಕಾಯಿತು. ಅಲ್ಲಿ ಸಾಕ್ಷ್ಯವಾದದ್ದು ಇಲ್ಲಿ ಅಪರಾಧ! ಅಮೆರಿಕದ್ದೆಲ್ಲ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ, ಈ ಒಂದು ನಿಯಮ ಮಾತ್ರ ನಮಗೂ ಬೇಕು.

ದೂರು ಕೊಟ್ಟವರ ಗತಿ ಏನಾಯಿತೆಂದು ಕೇಳುತ್ತೀರಾ? ದೂರ ಹೋಗಬೇಕಿಲ್ಲ. 2005ರಲ್ಲಿ ಬೆಂಗಳೂರಿನಲ್ಲಿದ್ದ ವಾಯುಪಡೆ ಅಧಿಕಾರಿ ಅಂಜಲಿ ಗುಪ್ತಾ ಮೇಲಧಿಕಾರಿಗಳ ವಿರುದ್ಧ ಲೈಂಗಿಕ ಕಿರುಕುಳದ ದೂರು ಕೊಟ್ಟರು. ಆರೋಪ ರುಜುವಾಗಲಿಲ್ಲ. ಬೇರೆ ಆರೋಪಗಳ ಮೇಲೆ ಕೋರ್ಟ್ ಮಾರ್ಷಲ್ ಆದದ್ದು ಅವರಿಗೇ, ಕೆಲಸವೂ ಹೋಯಿತು. 2011ರಲ್ಲಿ ಭೋಪಾಲ್‌ನಲ್ಲಿ ಶವವಾಗಿ ಸಿಕ್ಕರು. 2021ರಲ್ಲಿ ಕೊಯಮತ್ತೂರಿನ ವಾಯುಪಡೆ ಕಾಲೇಜಿನ ಮಹಿಳಾ ಅಧಿಕಾರಿಯೊಬ್ಬರು ಅತ್ಯಾಚಾರದ ದೂರು ಕೊಟ್ಟು, ನಿಷೇಧಿತ ಎರಡು ಬೆರಳಿನ ಪರೀಕ್ಷೆಯನ್ನೂ ತಮಗೆ ಮಾಡಿದರು ಎಂದರು. ವಾಯುಪಡೆ ಅದನ್ನು ಅಲ್ಲಗಳೆಯಿತು. ಪೊಲೀಸರು ಹಿಡಿದ ಆರೋಪಿಯನ್ನು ಕೋರ್ಟು ವಾಯುಪಡೆಯ ವಿಚಾರಣೆಗೇ ಒಪ್ಪಿಸಿತು.

ಗಂಡಸರ ಪಾಡು ಇನ್ನೂ ಕಷ್ಟ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದಾಗ ಹಳೆಯ 377ನೇ ಕಲಂ ಕೈಬಿಟ್ಟರು. ವಯಸ್ಕ ಗಂಡಸಿನ ಮೇಲೆ ಗಂಡಸೇ ಎಸಗುವ ಅತ್ಯಾಚಾರಕ್ಕೆ ಸಂಹಿತೆಯಲ್ಲಿ ಈಗ ನೇರ ಕಲಮೇ ಇಲ್ಲ. ಪಿಂಚಣಿಗೆ ಎಫ್‌ಐಆರ್ ತಾ ಎಂದರೆ ಅವನು ಯಾವ ಕಲಮಿನಡಿ ತರಬೇಕು? ಹೆಣ್ಣುಮಕ್ಕಳಿಗೆ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ದೂರು ಕೊಡಲು ಮೂರು ತಿಂಗಳು, ಸಮಿತಿ ಮನಸ್ಸು ಮಾಡಿದರೆ ಇನ್ನು ಮೂರು. ಆಘಾತ ತಲೆ ಎತ್ತುವುದು ಎಷ್ಟೋ ಸಲ ವರ್ಷಗಳ ಮೇಲೆ.

‘ಸುಳ್ಳು ಹೇಳಿ ಪಿಂಚಣಿ ಹೊಡೆಯುತ್ತಾರೆ’ ಎನ್ನುವವರಿದ್ದಾರೆ. ಲೆಕ್ಕ ಹಾಕಿ. 2023ರ ಸೆಪ್ಟೆಂಬರ್‌ಗೆ ಮೊದಲಿನ ಹಳೆಯ ನಿಯಮದಲ್ಲಿ ನೂರಕ್ಕೆ ನೂರು ವೈಕಲ್ಯವಿದ್ದರೆ ಪಿಂಚಣಿಯಲ್ಲಿ ವೈಕಲ್ಯದ ಪಾಲು ಕೊನೆಯ ಸಂಬಳದ ಶೇ 30. ಶೇ 20ರಿಂದ 49ರವರೆಗಿನ ವೈಕಲ್ಯವನ್ನು 50 ಎಂದು ಹಿಡಿಯುತ್ತಾರೆ. ಕೊನೆಯ ಸಂಬಳ 40,000 ಇದ್ದವರಿಗೆ ತಿಂಗಳಿಗೆ 6,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ಇಷ್ಟಕ್ಕಾಗಿ ನಮ್ಮ ಊರುಗಳಲ್ಲಿ ಯಾವ ಗಂಡಸು, ಯಾವ ಹೆಂಗಸು ಈ ಮಾತನ್ನು ಸುಳ್ಳಾಗಿ ಬಾಯಿಬಿಟ್ಟಾರು?

ಈ ಪ್ರಶ್ನೆ ಈಗ ಇನ್ನಷ್ಟು ಹೆಣ್ಣುಮಕ್ಕಳಿಗೂ ತಟ್ಟುತ್ತದೆ. 2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ ಮೊದಲ 83 ಮಹಿಳಾ ಸೈನಿಕರು ಹೊರಬಂದರು. ಈಗ ಹೆಣ್ಣುಮಕ್ಕಳು ಅಗ್ನಿವೀರರಾಗಿಯೂ ಸೇರುತ್ತಿದ್ದಾರೆ. ಅಗ್ನಿವೀರರಿಗೆ ಪಿಂಚಣಿಯೇ ಇಲ್ಲ. ಸೇವೆಯಿಂದ ಬಂದ ವೈಕಲ್ಯಕ್ಕೆ ಪ್ರಮಾಣದ ಮೇಲೆ 44, 25 ಇಲ್ಲವೇ 15 ಲಕ್ಷದ ಇಡಿಗಂಟು. ಅಲ್ಲೂ ‘ಸೇವೆಯಿಂದ ಬಂದದ್ದೇ?’ ಎಂಬ ಅದೇ ಪ್ರಶ್ನೆ.

ನಮ್ಮ ಮಾಜಿ ಸೈನಿಕರ ಸಭೆಗಳಲ್ಲಿ ಒಆರ್‌ಒಪಿ, ಕ್ಯಾಂಟೀನ್ ಕಾರ್ಡು, ನಿವೇಶನ ಇವಕ್ಕೇ ಹೊತ್ತು ಸಾಲದು. ಮುಂದಿನ ಸಭೆಯಲ್ಲಿ ಈ ವಿಷಯಕ್ಕೂ ಅರ್ಧ ಗಂಟೆ ಕೊಡಿ. ಯಾರ ಹೆಸರನ್ನೂ ಎತ್ತುವುದು ಬೇಡ. ಮೆಡಿಕಲ್ ಬೋರ್ಡುಗಳು ವರ್ಗಾವಣೆಯ ಕೋರಿಕೆ, ಕುಡಿತ, ಮನೆಗೆ ಬರೆದ ಪತ್ರದಂಥ ಪರೋಕ್ಷ ಸಾಕ್ಷ್ಯವನ್ನು ಒಪ್ಪುವ ನಿಯಮ ಬರಲಿ, ಶಿಸ್ತಿನ ಕ್ರಮಕ್ಕೆ ಮೊದಲು ಮನೋವೈದ್ಯರ ತಪಾಸಣೆ ಆಗಲಿ ಎಂದು ನಿರ್ಣಯ ಮಾಡಿ ದಾವಣಗೆರೆಯ ಸಂಸದರಿಗೆ ಕಳಿಸಿ.

ಇನ್ನು, ಸ್ವತಃ ನೊಂದು ಇದನ್ನು ಓದುತ್ತಿರುವವರಿಗೆ. ಬಿಡುಗಡೆಯ ವೇಳೆ ನಡೆದ ಮೆಡಿಕಲ್ ಬೋರ್ಡಿನ ಕಾಗದ, ಅಂದರೆ ಎಎಫ್‌ಎಂಎಸ್‌ಎಫ್-16, ನಿಮ್ಮ ಬಳಿ ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ತರಿಸಿಕೊಳ್ಳಿ. ತಡ ಮಾಡಬೇಡಿ: 2008ರ ನಿಯಮದ ಪ್ರಕಾರ ನಿವೃತ್ತಿಯಾಗಿ 15 ವರ್ಷ ದಾಟಿ ದಾಖಲೆ ನಾಶವಾಗಿದ್ದರೆ ರುಜುವಾತಿನ ಹೊಣೆ ನಿಮ್ಮ ಹೆಗಲಿಗೇ ಬರುತ್ತದೆ. 2023ರ ಸೆಪ್ಟೆಂಬರ್ ನಂತರ ಬಿಡುಗಡೆಯಾದವರಿಗೆ ಹೊಸ ನಿಯಮ, ಅದನ್ನು ವಕೀಲರಿಂದ ಬಿಡಿಸಿ ಕೇಳಿಕೊಳ್ಳಿ. ಕ್ಲೇಮು ತಿರಸ್ಕಾರವಾದರೆ ಮೇಲ್ಮನವಿ, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದಲ್ಲಿ ಅದರ ಕಾಯಂ ಪೀಠವಿಲ್ಲ ಎಂಬುದು ಇನ್ನೊಂದು ಸಂಕಟ. ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ.

ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಕ್ಲಿನಿಕ್ಕಿಗೆ ಹೋದಾಗ ‘ನಿದ್ದೆ ಬರುತ್ತಿಲ್ಲ’ ಎಂದಷ್ಟೇ ಬರೆಸಿಕೊಂಡು ಬರಬೇಡಿ. ಯಾವ ವರ್ಷದಿಂದ, ಯಾವ ಪೋಸ್ಟಿಂಗಿನಲ್ಲಿ ಶುರುವಾಯಿತು ಎಂಬುದೂ ಚೀಟಿಯಲ್ಲಿ ಇರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಅದನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಅಲ್ಲಿಗೂ ಹೋಗಲು ಸಂಕೋಚವಾದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.