ಅಕ್ಷರವೇಷದ ಕಡತಗಳೂ ಒಂದು ಸಾಲಿನ ಆಜ್ಞೆಯೂ

ಏಳು ಬಿಟ್ಟುಗಳ ಅಕ್ಷರಗಳನ್ನಲ್ಲದೆ ಬೇರೇನನ್ನೂ ನೆಚ್ಚಿಕೆಯಿಂದ ಸಾಗಿಸಲಾರದಿದ್ದ ಅಂದಿನ ಈಮೇಲಿನ ಹಾದಿಯಲ್ಲಿ ಚಿತ್ರವನ್ನಾಗಲಿ ಪ್ರೋಗ್ರಾಮನ್ನಾಗಲಿ ಅವಿಕಲವಾಗಿ ದಾಟಿಸುವ ಸಲುವಾಗಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿದ್ದ ಮೇರಿ ಆನ್ ಹಾರ್ಟನ್ ಅವರು 1980ರಲ್ಲಿ ಯುಯುಎನ್‌ಕೋಡ್ ಎಂಬ ಉಪಕರಣವನ್ನೂ ಅದನ್ನು ಮರಳಿ ಬಿಡಿಸುವ ಯುಯುಡಿಕೋಡನ್ನೂ ರಚಿಸಿದರು. ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಹಂಚುವ ಆ ತತ್ತ್ವವೇ ಇಂದಿನ ಬೇಸ್64 ವಿಧಾನದಲ್ಲಿಯೂ ಉಳಿದಿದೆ. ಯುಟಿಎಫ್-8 ರೂಪದಲ್ಲಿ ನಮ್ಮ ‘ಕ’ಕಾರಕ್ಕೆ ಸರಿಯಾಗಿ ಮೂರು ಬೈಟುಗಳಿರುವುದರಿಂದ, ಅದು ‘4’, ‘ಎಲ್’, ‘ಕೆ’, ‘ವಿ’ ಎಂಬ ನಾಲ್ಕು ಚಿಹ್ನೆಗಳಾಗಿ ಹೊರಬೀಳುತ್ತದೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಬೇಸ್64 ಆಜ್ಞೆಯ ಮುಂದೆ ಕಿರುಗೆರೆಯೊಡನೆ ‘ಡಿ’ ಎಂದಿತ್ತು ಆ ನಾಲ್ಕನ್ನು ಒಪ್ಪಿಸಿದೊಡನೆ ಅದೇ ‘ಕ’ ಕಿಂಚಿತ್ತೂ ಮುಕ್ಕಾಗದೆ ಮರಳುತ್ತದೆ.

ಇಷ್ಟು ಸುಲಭವಾದ ಸಾಧನವು ತಮ್ಮ ಯಂತ್ರದೊಳಗೇ ಇರಲು, ಸಂಬಳದ ಪಟ್ಟಿಯನ್ನೋ ವೈದ್ಯರ ವರದಿಯನ್ನೋ ಒಳಗೊಂಡಿರಬಹುದಾದ ಅಂಥ ಅಕ್ಷರರಾಶಿಯನ್ನು ಅಪರಿಚಿತ ಜಾಲತಾಣಗಳಿಗೆ ಒಪ್ಪಿಸಿ ಬಿಡಿಸಿಕೊಳ್ಳುವ ಅಭ್ಯಾಸವು ವಿದ್ಯಾವಂತರಲ್ಲಿಯೂ ಬೇರೂರಿರುವುದು ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡಿದೆ. ಓದಲಾಗದುದೆಲ್ಲವೂ ಗುಪ್ತವೆಂಬ ಭ್ರಮೆಯಾದರೋ ಇದಕ್ಕಿಂತಲೂ ಅಪಾಯಕರ: ಈ ವಿಧಾನದಲ್ಲಿ ಕೀಲಿಕೈಯೆಂಬುದೇ ಇಲ್ಲವಾದ್ದರಿಂದ, ಪಾಸ್‌ವರ್ಡನ್ನು ಹೀಗೆ ಬರೆದಿಟ್ಟು ನಿಶ್ಚಿಂತರಾಗಿರುವುದು ಎಷ್ಟುಮಾತ್ರಕ್ಕೂ ಸಲ್ಲದು. ನಮ್ಮ ಕಾಲೇಜುಗಳ ಕಂಪ್ಯೂಟರ್ ತರಗತಿಗಳಲ್ಲಿ ಮೊದಲ ವರ್ಷದಲ್ಲಿಯೇ ಈ ಆಜ್ಞೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸತಕ್ಕದ್ದು.