ಹೊಗೆಸೊಪ್ಪಿನ ಎಲೆಯೂ ‘ರೋಗನಿರೋಧಕ ಶಕ್ತಿ’ಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಹೊಗೆಸೊಪ್ಪಿನ ಸಸಿಗಳು ಮಡಿಯಿಂದ ಹೊಲಕ್ಕೆ ಬರುತ್ತವೆ. ಅವುಗಳಲ್ಲಿ ಕೆಲವು ಸಸಿಗಳ ಎಳೆಯ ಎಲೆಗಳ ಮೇಲೆ ತಿಳಿಹಸುರು ಕಡುಹಸುರುಗಳ ತೇಪೆ ಹಾಕಿದಂತಹ ಚಿತ್ತಾರ ಕಾಣುವುದುಂಟು. ಇದೇ ಮೊಸಾಯಿಕ್ ರೋಗ. ಈ ಬೆಳೆಯಿಂದ ಸೇದುವವರಿಗೆ ಒದಗುವ ಕೇಡು ಎಲ್ಲರೂ ಬಲ್ಲ ವಿಷಯ. ಅದನ್ನು ನಾವು ಹಗುರಮಾಡುವವರಲ್ಲ. ಆದರೆ ವೈರಸ್ಸು ಎಂಬುದೊಂದು ಇದೆಯೆಂದು ಜಗತ್ತು ಮೊತ್ತಮೊದಲು ಅರಿತದ್ದು ಈ ಎಲೆಯಿಂದಲೇ. 1892ರಲ್ಲಿ ರಷ್ಯದ ಇವನೋವ್‌ಸ್ಕಿ ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕದ ಮೂಲಕ ಹಾಯಿಸಿದರೂ ಅದರ ಸೋಂಕು ಉಳಿದೇ ಇತ್ತು. 1898ರಲ್ಲಿ ಹಾಲೆಂಡಿನ ಬೈಯೆರಿಂಕ್ ಇದು ಬೇರೊಂದು ಬಗೆಯ ರೋಗಕಾರಕವೆಂದು ಸಾರಿದನು. 1935ರಲ್ಲಿ ಅಮೆರಿಕದ ಸ್ಟಾನ್ಲಿ ಅದನ್ನು ಹರಳುಗಳಾಗಿ ಬೇರ್ಪಡಿಸಿದನು. ಅದರ ಕಡ್ಡಿಯಾಕಾರದ ಕಣಗಳನ್ನು ತುದಿಗೆ ತುದಿ ಸೇರಿಸಿ ಇಟ್ಟರೆ ಒಂದು ಮಿಲಿಮೀಟರಿನಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಹಿಡಿಯುತ್ತವೆ.

ನಾವು ಭೌತಶಾಸ್ತ್ರದ ಅಧ್ಯಾಪಕರು. ಜೀವಕೋಶದ ವಿಷಯಕ್ಕೆ ಕೈಹಾಕುವುದಕ್ಕೆ ಒಂದು ಕಾರಣವಿದೆ. 2020ರ ಕೋವಿಡ್ ಪಿಡುಗಿನಿಂದ ಈಚೆಗೆ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಕಷಾಯ, ಗುಳಿಗೆಗಳ ಜಾಹೀರಾತು ಊರೂರಿಗೂ ತಲಪಿದೆ. ನಮ್ಮ ಶಾಸ್ತ್ರದಲ್ಲಿ ಶಕ್ತಿಯೆಂದರೆ ಅದಕ್ಕೊಂದು ಮಾನವಿದೆ, ಜೌಲ್‌ಗಳಲ್ಲಿ ಅಳೆಯುತ್ತೇವೆ. ಈ ಗುಳಿಗೆಯ ‘ಶಕ್ತಿ’ಯನ್ನು ಅಳೆಯುವ ಮಾನ ಯಾವುದು? ಹೆಸರಿನಲ್ಲಿರುವ ಆ ಒಂದು ಪದ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತಿದೆಯೆಂದು ನಮ್ಮ ಅಭಿಪ್ರಾಯ. ಅದು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭಾವನೆ ಅದರಿಂದ ಹುಟ್ಟುತ್ತದೆ. ಜೀವಕೋಶ ಹಾಗೆ ನಡೆದುಕೊಳ್ಳುವುದಿಲ್ಲ. ಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಸೌದೆಯನ್ನು ಒಟ್ಟಿದಷ್ಟೂ ಎಲೆ ಚೆನ್ನಾಗುತ್ತದೆ ಎನ್ನುವ ರೈತನನ್ನು ನಾವು ಕಂಡಿಲ್ಲ. ಕಾವನ್ನು ಮೆಟ್ಟಲು ಮೆಟ್ಟಲಾಗಿ ಏರಿಸುವುದೂ ಬೇಕಾದಾಗ ತಡೆಯುವುದೂ ಅಲ್ಲಿಯ ವಿದ್ಯೆ. ಜೀವಕೋಶದ ವಿದ್ಯೆಯೂ ಇದೇ.

ಹೊಗೆಸೊಪ್ಪಿನ ಹತ್ತಿರದ ಸಂಬಂಧಿ ನಿಕೋಟಿಯಾನ ಗ್ಲುಟಿನೋಸ ಎಂಬ ಕಾಡುಗಿಡ. ಇದರ ಎಲೆಗೆ ಮೊಸಾಯಿಕ್ ವೈರಸ್ಸನ್ನು ಸವರಿದರೆ ರೋಗ ಗಿಡಕ್ಕೆಲ್ಲ ಹಬ್ಬುವುದಿಲ್ಲ. ಎರಡು ಮೂರು ದಿನಗಳಲ್ಲಿ ಸವರಿದೆಡೆ ಸಣ್ಣ ಒಣಚುಕ್ಕೆಗಳು ಮೂಡುತ್ತವೆ, ಅಷ್ಟೆ. ವೈರಸ್ಸು ಹೊಕ್ಕ ಕೋಶಗಳೂ ಅವುಗಳ ನೆರೆಯವೂ ತಾವೇ ಸತ್ತು, ಅದನ್ನು ಅಲ್ಲಿಯೇ ಕಟ್ಟಿಹಾಕುತ್ತವೆ. ಈ ಗುಣವನ್ನು ಅಮೆರಿಕದ ಫ್ರಾನ್ಸಿಸ್ ಹೋಮ್ಸ್ 1938ರ ವೇಳೆಗೆ ಹೊಗೆಸೊಪ್ಪಿಗೆ ತಳಿಸಂಕರದಿಂದ ತಂದನು. ಇದರ ಹಿಂದಿರುವ ‘ಎನ್’ ಎಂಬ ವಂಶವಾಹಿಯನ್ನು ಬಾರ್ಬರ ಬೇಕರ್ ಮತ್ತು ಸಂಗಡಿಗರು 1994ರಲ್ಲಿ ಬೇರ್ಪಡಿಸಿದರು. ಅದು ಹುಟ್ಟಿಸುವ ಪ್ರೋಟೀನು ಕೋಶದಲ್ಲಿ ಕಾವಲುಗಾರನಂತೆ ಕಾದಿರುತ್ತದೆ. ವೈರಸ್ಸು ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಬಳಸುವ ಎಂಜೈಮಿನ ಒಂದು ತುಣುಕನ್ನು ಗುರುತಿಸಿ ಎಚ್ಚರಗೊಳ್ಳುತ್ತದೆ. ಹಣ್ಣಿನ ನೊಣದಲ್ಲಿಯೂ ಮನುಷ್ಯನಲ್ಲಿಯೂ ರೋಗವನ್ನೆದುರಿಸುವ ಕೆಲವು ಪ್ರೋಟೀನುಗಳಲ್ಲಿ ಇದರ ಒಂದು ಭಾಗವನ್ನು ಹೋಲುವ ಭಾಗವೇ ಇದೆ.

ಈಗ ನಮ್ಮ ವಾದಕ್ಕೆ ಮುಖ್ಯವಾದ ಪ್ರಯೋಗ. ಎನ್ ವಂಶವಾಹಿಯುಳ್ಳ ಗಿಡವನ್ನು 28 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲಿನ ಉಷ್ಣತೆಯಲ್ಲಿರಿಸಿ ವೈರಸ್ಸನ್ನು ಸವರಿದರೆ ಚುಕ್ಕೆಗಳು ಮೂಡುವುದಿಲ್ಲ. ಕಾವಲುಗಾರ ಏಳುವುದೇ ಇಲ್ಲ. ವೈರಸ್ಸು ಸದ್ದಿಲ್ಲದೆ ಗಿಡಕ್ಕೆಲ್ಲ ಹರಡುತ್ತದೆ. ಗಿಡ ರೋಗಿಯಾದರೂ ನಿಂತಿರುತ್ತದೆ. ಅದನ್ನು ತೆಗೆದು ಸುಮಾರು 21 ಡಿಗ್ರಿಯ ತಂಪಿಗೆ ತಂದರೆ? ಕಾಂಡದಲ್ಲಿ, ಎಲೆಗಳಲ್ಲಿ, ಕುಡಿಯಲ್ಲಿ, ವೈರಸ್ಸಿರುವ ಕೋಶಗಳೆಲ್ಲ ಒಮ್ಮೆಗೇ ಪ್ರತಿಭಟಿಸುತ್ತವೆ. ಇಡೀ ಗಿಡ ಕುಸಿದು ಸಾಯುತ್ತದೆ. ವೈರಸ್ಸು ಹಿಂದಿನ ದಿನವೂ ಇತ್ತು, ಗಿಡ ಬದುಕಿತ್ತು. ಕೊಂದದ್ದು ಪ್ರತಿರೋಧವೇ.

ಇಂಥ ಆಯುಧವನ್ನು ಒಡಲಲ್ಲಿಟ್ಟುಕೊಂಡವನು ಅದಕ್ಕೆ ಒರೆಯನ್ನೂ ಮಾಡಿಕೊಳ್ಳಬೇಕು. ಆ ಒರೆ ಏನೆಂಬುದು 2012ರಲ್ಲಿ ಹೊರಬಿತ್ತು. ಬೇಕರ್ ಅವರ ತಂಡ ಹೊಗೆಸೊಪ್ಪಿನಲ್ಲಿ ಎರಡು ಕಿರು ಆರ್.ಎನ್.ಎ.ಗಳನ್ನು ಕಂಡಿತು: ಒಂದು 22 ಅಕ್ಷರಗಳದು, ಇನ್ನೊಂದು 21. ಎನ್ ವಂಶವಾಹಿ ಹೊರಡಿಸುವ ಸಂದೇಶವನ್ನೇ ಇವು ಕತ್ತರಿಸುತ್ತವೆ. ಇವನ್ನು ಅತಿಯಾಗಿ ಉತ್ಪಾದಿಸುವಂತೆ ಮಾಡಿದಾಗ ಗಿಡದ ಪ್ರತಿರೋಧ ಕುಗ್ಗಿತು. ಅದೇ ವರ್ಷ ಕೇಂಬ್ರಿಜ್ಜಿನಲ್ಲಿ ಡೇವಿಡ್ ಬೋಲ್‌ಕೂಂಬ್ ಅವರೊಡನೆ ದುಡಿಯುತ್ತಿದ್ದ ಪಿ. ವಿ. ಶಿವಪ್ರಸಾದ್ (ಮುಂದೆ ಇವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ ಬಂದರು) ಟೊಮೇಟೊ ಗಿಡದಲ್ಲಿ ಇಂಥದೇ ಏರ್ಪಾಟನ್ನು ತೋರಿಸಿದರು. ಅವರು ಕಂಡದ್ದು ಇನ್ನೂ ಸ್ವಾರಸ್ಯವಾದುದು. ವೈರಸ್ಸುಗಳು ಕೋಶದ ಕಿರು ಆರ್.ಎನ್.ಎ. ವ್ಯವಸ್ಥೆಯನ್ನು ಹಾಳುಗೆಡವುವುದರಲ್ಲಿ ನಿಪುಣ. ಅದು ಅವುಗಳ ಉಳಿವಿನ ಉಪಾಯ. ಆದರೆ ಹಾಗೆ ಕೆಡಿಸಿದೊಡನೆ ಕಾವಲು ಪ್ರೋಟೀನುಗಳ ಮೇಲಿದ್ದ ಕಡಿವಾಣವೂ ಸಡಿಲುತ್ತದೆ, ಕಾವಲುಗಾರರ ಸಂಖ್ಯೆ ಏರುತ್ತದೆ. ಕಳ್ಳ ದೀಪ ಆರಿಸಿದರೆ ನಾಯಿಯ ಸರಪಳಿ ತಾನಾಗಿ ಕಳಚುವ ಮನೆಯಂತೆ! ಗಡಿಯಾರದಲ್ಲಿಯೂ ಇಂಥ ಜಾಣತನವನ್ನು ನಾವು ಕಂಡಿಲ್ಲ.

ಮನುಷ್ಯನ ವಿಷಯದಲ್ಲಿಯೂ ಎರಡು ಬದಿಗಳಿಂದಲೂ ಅಪಾಯ. ವೈರಸ್ಸು ಹೊಕ್ಕ ಕೋಶ ಹೊರಸೂಸುವ ಇಂಟರ್‌ಫೆರಾನನ್ನು 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದರು. 2020ರಲ್ಲಿ ಪ್ರಾಣಾಂತಿಕ ಕೋವಿಡ್‌ಗೆ ಗುರಿಯಾದ 987 ರೋಗಿಗಳನ್ನು ಪರೀಕ್ಷಿಸಿದಾಗ, 101 ಮಂದಿಯ ರಕ್ತದಲ್ಲಿ ಸ್ವಂತ ಇಂಟರ್‌ಫೆರಾನನ್ನೇ ನಿಷ್ಫಲಗೊಳಿಸುವ ಪ್ರತಿಕಾಯಗಳಿದ್ದುವು. ಇದು ಕೊರತೆಯ ಕತೆ. ಅದೇ ವರ್ಷ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ ಪ್ರತಿರೋಧವನ್ನು ತಗ್ಗಿಸುವ ಡೆಕ್ಸಾಮೆಥಸೋನ್ ಔಷಧ, ಉಸಿರಾಟದ ಯಂತ್ರ ಹಿಡಿದವರ ಸಾವನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸಿತು. ಆಮ್ಲಜನಕವೇ ಬೇಡವಾಗಿದ್ದವರಿಗೆ ಅದರಿಂದ ಲಾಭವಾಗಲಿಲ್ಲ. ಫ್ರಾನ್ಸಿನ ಐಕಾರ್ಡಿ ಮತ್ತು ಗುಟಿಯೇರ್ 1984ರಲ್ಲಿ ವರ್ಣಿಸಿದ ಶಿಶುರೋಗ ಇನ್ನೂ ಕರುಣಾಜನಕ. ಆ ಮಕ್ಕಳಲ್ಲಿ ಯಾವ ವೈರಸ್ಸೂ ಇಲ್ಲ. ಕೋಶ ತನ್ನದೇ ನ್ಯೂಕ್ಲಿಯಿಕ್ ಆಮ್ಲವನ್ನು ಶತ್ರುವೆಂದು ಬಗೆದು ಎಡೆಬಿಡದೆ ಇಂಟರ್‌ಫೆರಾನನ್ನು ಸೂಸುತ್ತದೆ, ಮಿದುಳು ನಾಶವಾಗುತ್ತದೆ. ಆ ಮಗುವಿನ ತಾಯಿಗೆ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಗುಳಿಗೆಯನ್ನು ಯಾರು ಮಾರಬಲ್ಲರು?

ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳು ಜಾಹೀರಾತಿಗೆ ಉತ್ತರವನ್ನು ಪ್ರಯೋಗಶಾಲೆಯಲ್ಲಿಯೇ ಕೊಡಬಹುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಡ. ಗ್ಲುಟಿನೋಸದ ಬೀಜ ಎಲ್ಲಿ ದೊರೆತೀತೆಂದು ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರನ್ನು ವಿಚಾರಿಸಬೇಕು. ರೋಗದ ಎಲೆಯ ರಸವನ್ನು ನೀರಿನಲ್ಲಿ ತೆಳುಮಾಡಿ, ಎಲೆಯ ಒಂದು ಅರ್ಧಕ್ಕೆ ಒಂದು ಪ್ರಮಾಣದ ದ್ರಾವಣವನ್ನೂ ಇನ್ನೊಂದು ಅರ್ಧಕ್ಕೆ ಅದರ ಹತ್ತನೆಯ ಒಂದರ ದ್ರಾವಣವನ್ನೂ ಸವರಿ, ಚುಕ್ಕೆಗಳನ್ನು ಎಣಿಸಬೇಕು. ವೈರಸ್ಸನ್ನು ಅಳೆಯಲು ಹೋಮ್ಸ್ 1929ರಲ್ಲಿ ಹೂಡಿದ ವಿಧಾನ ಚುಕ್ಕೆಗಳ ಎಣಿಕೆಯೇ. ಒಂದು ಕುಂಡವನ್ನು ತಂಪಿನಲ್ಲಿಯೂ ಇನ್ನೊಂದನ್ನು 30 ಡಿಗ್ರಿಯಲ್ಲಿಯೂ ಇಟ್ಟು ಹೋಲಿಸಬೇಕು. ಕುಂಡಗಳು ಸಸಿಮಡಿಗಳಿಂದ ದೂರವಿರಲಿ; ಈ ವೈರಸ್ಸು ಒಣಗಿದ ಸೊಪ್ಪಿನಲ್ಲಿಯೂ ವರ್ಷಗಟ್ಟಲೆ ಬದುಕಿರುತ್ತದೆ, ಕೈಯಿಂದ ಕೈಗೆ, ಕೈಯಿಂದ ಸಸಿಗೆ ದಾಟುತ್ತದೆ. ಪ್ರಯೋಗ ಮುಗಿದ ಮೇಲೆ ಸಾಬೂನಿನಿಂದ ಕೈತೊಳೆಯದೆ ಯಾರೂ ಮನೆಯ ಹೊಲಕ್ಕೆ ಇಳಿಯಕೂಡದು.