ಫೋನ್ ಹಳೇದಲ್ಲ, ಆ್ಯಪ್ ಪರೀಕ್ಷೆ ಆಗಿಲ್ಲ

“ನಿಮ್ಮ ಫೋನ್ ಹಳೇದಾಯ್ತು, ಬೇರೆ ತಗೊಳ್ಳಿ.”

ಬೆಳೆಯ ಫೋಟೊ ಹಾಕಲು ಹೋದವರು, ಪಿಂಚಣಿ ಅರ್ಜಿ ತುಂಬಲು ಹೋದವರು, ಮಕ್ಕಳ ಸ್ಕಾಲರ್‌ಶಿಪ್‌ಗೆ ಕೂತವರು ಈ ಮಾತನ್ನು ಒಂದಲ್ಲ ಒಂದು ಕಡೆ ಕೇಳಿಯೇ ಇರುತ್ತೀರಿ. ಹೇಳುವವರು ಕೆಟ್ಟವರೇನಲ್ಲ, ಅವರಿಗೂ ಗೊತ್ತಿರುವುದು ಅಷ್ಟೇ. ಆದರೆ ಹತ್ತು ಸಲ ಕೇಳಿ ಕೇಳಿ ನಾವೂ ಅದನ್ನೇ ನಂಬಿಬಿಟ್ಟಿದ್ದೇವೆ. ತಪ್ಪು ನಮ್ಮ ಫೋನಿನದು, ನಮ್ಮೂರ ಟವರಿನದು, ನಮ್ಮ ಬೆರಳಿನದು ಅಂತ.

ನಾನು ಇದನ್ನು ಒಪ್ಪುವುದಿಲ್ಲ. ಹಳ್ಳಿಯವರಿಗೆಂದೇ ಮಾಡಿದ ಆ್ಯಪ್ ಹಳ್ಳಿಯವರ ಫೋನಿನಲ್ಲಿ ಓಡದಿದ್ದರೆ ದೋಷ ಆ್ಯಪಿನದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅದನ್ನು ನಮ್ಮಂಥವರ ಫೋನಿನಲ್ಲಿ ಪರೀಕ್ಷೆ ಮಾಡದೆ ಬಿಟ್ಟವರದು.

ಆ್ಯಪ್ ಹೇಗೆ ತಯಾರಾಗುತ್ತದೆ ಅಂತ ಸ್ವಲ್ಪ ನೋಡೋಣ. ಆಂಡ್ರಾಯ್ಡ್ ಫೋನಿಗೆ ಒಂದು ಭಾಷೆಯಲ್ಲಿ, ಐಫೋನಿಗೆ ಇನ್ನೊಂದು ಭಾಷೆಯಲ್ಲಿ ಬರೆಯಬೇಕಾದರೆ ಎರಡು ತಂಡ ಬೇಕು, ಖರ್ಚೂ ಎರಡು ಪಟ್ಟು. ಅದಕ್ಕೆ ಕಂಡುಕೊಂಡ ದಾರಿ ವೆಬ್ ತಂತ್ರಜ್ಞಾನ. ನೀವು ಈಗ ಓದುತ್ತಿರುವ ಈ ಪುಟ ಯಾವ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ನಿಂದ ಆಗಿದೆಯೋ, ಅದರಿಂದಲೇ ಆ್ಯಪ್ ಕೂಡ ಮಾಡುತ್ತಾರೆ. ಅದನ್ನು ಒಂದು ಡಬ್ಬಿಯೊಳಗೆ ಹಾಕಿ ಪ್ಲೇ ಸ್ಟೋರಿಗೆ ಬಿಡುತ್ತಾರೆ. ಆ ಡಬ್ಬಿಯೊಳಗೆ ಇರುವುದು ವೆಬ್‌ವ್ಯೂ, ಅಂದರೆ ವಿಳಾಸದ ಪಟ್ಟಿ ಇಲ್ಲದ ಬ್ರೌಸರ್. 2008ರಲ್ಲಿ ಕೆನಡಾದ ನಿಟೋಬಿ ಎಂಬ ಸಣ್ಣ ಕಂಪನಿ ಇಂಥ ಡಬ್ಬಿಯನ್ನು ಫೋನ್‌ಗ್ಯಾಪ್ ಹೆಸರಿನಲ್ಲಿ ತಂದಿತು. 2011ರಲ್ಲಿ ಅಡೋಬಿ ಅದನ್ನು ಕೊಂಡು, ಕೋಡನ್ನು ಅಪಾಚೆ ಸಂಸ್ಥೆಗೆ ಕೊಟ್ಟಿತು. ಕಾರ್ಡೋವಾ ಎಂಬ ಹೆಸರಿನಲ್ಲಿ ಅದು ಉಚಿತವಾಗಿ ಸಿಗುತ್ತದೆ. ಅಯಾನಿಕ್‌ನವರ ಕೆಪ್ಯಾಸಿಟರ್ ಎಂಬುದೂ ಇದೇ ಜಾತಿಯದು.

ಒಂದೇ ಹಿಟ್ಟಿನಲ್ಲಿ ಇಡ್ಲಿಯೂ ಆಗುತ್ತದೆ, ದೋಸೆಯೂ ಆಗುತ್ತದೆ. ಆದರೆ ಇಡ್ಲಿ ಬೆಂದಿದೆಯೋ ಇಲ್ಲವೋ ಅಂತ ದೋಸೆ ಹೆಂಚು ನೋಡಿ ಹೇಳೋಕಾಗಲ್ಲ.

“ವೆಬ್‌ನಲ್ಲಿ ಮಾಡಿದ್ದು ಅಂದ್ರೆ ಅಗ್ಗದ ಮಾಲು, ಅದಕ್ಕೇ ಹೀಗೆ” ಅಂತ ಮೂಗು ಮುರಿಯುವವರು ನಗರಗಳಲ್ಲಿ ಇದ್ದಾರೆ. ಅವರಿಗೆ ಜಿಯೋಫೋನ್ ತೋರಿಸಬೇಕು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಆ ಕೀಪ್ಯಾಡ್ ಫೋನಿನಲ್ಲಿದ್ದದ್ದು 512 ಎಂಬಿ ರ್ಯಾಮ್, 2.4 ಇಂಚಿನ ಪರದೆ. ಅದರೊಳಗಿನ ಕೈಓಎಸ್ ಹುಟ್ಟಿದ್ದು ಮೊಜಿಲ್ಲಾದವರ ಫೈರ್‌ಫಾಕ್ಸ್ ಓಎಸ್‌ನಿಂದ. ಅದರ ಆ್ಯಪ್‌ಗಳನ್ನು ಬರೆಯುವುದೇ ವೆಬ್ ತಂತ್ರಜ್ಞಾನದಲ್ಲಿ. ನಮ್ಮ ಕಡೆ ಎಷ್ಟೋ ಅಜ್ಜಂದಿರು ಅದರಲ್ಲೇ ಯೂಟ್ಯೂಬ್ ನೋಡಿದರು, 2018ರಿಂದ ವಾಟ್ಸ್‌ಆ್ಯಪ್ ಮಾಡಿದರು. ಅಂದಮೇಲೆ ಕಡಿಮೆ ಫೋನಿನಲ್ಲಿ ವೆಬ್ ಓಡುವುದಿಲ್ಲ ಅನ್ನೋದು ಸುಳ್ಳು.

ಬೆಂಗಳೂರಿನದೇ ಇನ್ನೊಂದು ಕಥೆ ಇದೆ. 2015ರ ಮೇ ತಿಂಗಳಲ್ಲಿ ಮಿಂತ್ರ ಕಂಪನಿ ತನ್ನ ವೆಬ್‌ಸೈಟ್ ಮುಚ್ಚಿ, ಇನ್ನು ಆ್ಯಪ್ ಮಾತ್ರ ಅಂದಿತು. ಒಂದು ವರ್ಷದಲ್ಲಿ ಮತ್ತೆ ತೆರೆಯಿತು. ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ಸೈಟ್ ಮುಚ್ಚಿ, 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಹೆಸರಿನಲ್ಲಿ ಬ್ರೌಸರಿಗೇ ವಾಪಸ್ ಬಂತು. ಡೌನ್‌ಲೋಡ್ ಬೇಡ, ಜಾಗ ತಿನ್ನುವುದಿಲ್ಲ, ಬೇಕಾದರೆ ಫೋನಿನ ಮುಖಪುಟದಲ್ಲಿ ಗುರುತು ಇಟ್ಟುಕೊಳ್ಳಬಹುದು, ನೆಟ್ ಹೋದರೂ ಮೊದಲು ನೋಡಿದ ಪುಟಗಳು ತೆರೆಯುತ್ತವೆ. ಇದನ್ನು ಪ್ರೊಗ್ರೆಸಿವ್ ವೆಬ್ ಆ್ಯಪ್ ಅನ್ನುತ್ತಾರೆ. ಹಳೆಯ ಮೊಬೈಲ್ ಸೈಟಿಗೆ ಹೋಲಿಸಿದರೆ ಜನ ಮೂರು ಪಟ್ಟು ಹೆಚ್ಚು ಹೊತ್ತು ಇರುತ್ತಾರೆ ಅಂತ ಕಂಪನಿಯೇ ಲೆಕ್ಕ ಕೊಟ್ಟಿತ್ತು.

ಅವರಿಗೆ ಯಾಕೆ ಅಷ್ಟು ಕಾಳಜಿ? ಪುಟ ತೆರೆಯದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಇಲಾಖೆಯ ಆ್ಯಪ್ ಕೈಕೊಟ್ಟರೆ ನಾವು ಯಾವ ಪಕ್ಕದ ಇಲಾಖೆಗೆ ಹೋಗುವುದು?

ಕಳೆದ ಮುಂಗಾರಿನಲ್ಲಿ ಸುದ್ದಿಗೆಂದು ಹೋಗಿದ್ದಾಗ ಹೊಲದ ಬದುವಿನ ಮೇಲೆ ಹಿರಿಯರೊಬ್ಬರು ಫೋನ್ ಹಿಡಿದು ಕೂತಿದ್ದರು. ಸರ್ವೆ ನಂಬರ್, ಬೆಳೆ, ಎಕರೆ ಗುಂಟೆ ಎಲ್ಲ ತುಂಬುತ್ತಾರೆ. ಫೋಟೊ ತೆಗೆಯಿರಿ ಅಂತ ಬರುತ್ತದೆ. ಕ್ಯಾಮೆರಾ ತೆರೆದು ಫೋಟೊ ತೆಗೆದು ವಾಪಸ್ ಬಂದರೆ ಆ್ಯಪ್ ಮೊದಲ ಪುಟದಲ್ಲಿ ನಿಂತಿದೆ, ಎಲ್ಲ ಖಾಲಿ. ನಾಲ್ಕನೇ ಸಲವೂ ಹಾಗೇ ಆಯಿತು. “ಏನಪ್ಪಾ, ಬರೆದಿದ್ದನ್ನೆಲ್ಲ ನುಂಗ್ಬಿಡ್ತದಲ್ಲ ಇದು” ಅಂದರು. ಕಚೇರಿಯಲ್ಲಿ ಕೇಳಿದರೆ ಅದೇ ಉತ್ತರ: ಫೋನ್ ಹಳೇದು.

ಇದಕ್ಕೆ ಕಾರಣ ರಹಸ್ಯವೇನಲ್ಲ. ಎರಡು ಜಿಬಿ ರ್ಯಾಮಿನ ಫೋನಿನಲ್ಲಿ ಕ್ಯಾಮೆರಾ ತೆರೆದ ಕೂಡಲೇ ಜಾಗ ಸಾಲದೆ, ಹಿಂದೆ ಕಾಯುತ್ತಿರುವ ಆ್ಯಪನ್ನು ಆಂಡ್ರಾಯ್ಡ್ ಹೊರಗೆ ಹಾಕಿಬಿಡಬಹುದು. ಫೋಟೊ ಮುಗಿದ ಮೇಲೆ ಆ್ಯಪ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎಂಟು ಜಿಬಿ ಫೋನಿನಲ್ಲಿ ಎರಡೂ ಒಟ್ಟಿಗೆ ಹಿಡಿಸುತ್ತವೆ, ಹಾಗಾಗಿ ಆ್ಯಪ್ ಮಾಡಿದ ಹುಡುಗನ ಕೈಯಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ಕಾರ್ಡೋವಾದ ಕ್ಯಾಮೆರಾ ಕೈಪಿಡಿಯಲ್ಲೇ ಈ ಬಗ್ಗೆ ಎಚ್ಚರಿಕೆ ಬರೆದಿದ್ದಾರೆ. ಪರಿಹಾರವೂ ಇದೆ: ಬಳಕೆದಾರ ತುಂಬಿದ ಪ್ರತಿಯೊಂದನ್ನೂ ಆಗಿಂದಾಗ ಫೋನಿನಲ್ಲೇ ಉಳಿಸಿಕೊಳ್ಳಬೇಕು, ಆ್ಯಪ್ ಮತ್ತೆ ತೆರೆದಾಗ ಅದನ್ನೇ ತೋರಿಸಬೇಕು. ಪರೀಕ್ಷೆ ಮಾಡಲು ಹಳೇ ಫೋನ್ ಕೂಡ ಬೇಕಾಗಿಲ್ಲ. ಆಂಡ್ರಾಯ್ಡ್‌ನ ಡೆವಲಪರ್ ಸೆಟ್ಟಿಂಗ್‌ನಲ್ಲಿ, ಹಿಂದೆ ಹೋದ ಪರದೆಯನ್ನು ಇಟ್ಟುಕೊಳ್ಳಬೇಡ ಅನ್ನುವ ಒಂದು ಸ್ವಿಚ್ ಇದೆ. ಅದನ್ನು ಒತ್ತಿ ಒಂದು ಫೋಟೊ ತೆಗೆದರೆ ಎರಡು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ. ಆ ಎರಡು ನಿಮಿಷ ಯಾರೂ ಕೊಡಲಿಲ್ಲ. ಆ ಹಿರಿಯರು ಅರ್ಧ ದಿನ ಕೊಟ್ಟರು.

ಕನ್ನಡದ ಪರೀಕ್ಷೆಯಂತೂ ಕೇಳಲೇಬೇಡಿ. ಇಂಗ್ಲಿಷಿಗೆ ಅಳೆದ ಸಾಲಿನ ಎತ್ತರದಲ್ಲಿ ನಮ್ಮ ಒತ್ತಕ್ಷರ ಅರ್ಧ ಕತ್ತರಿಸಿಹೋಗುತ್ತದೆ. ಲಕ್ಷ್ಮೀನಾರಾಯಣಪ್ಪ ಎಂಬ ಹೆಸರು ನಮ್ಮ ಕಣ್ಣಿಗೆ ಏಳು ಅಕ್ಷರ. ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಅದು 16, ಯಾಕೆಂದರೆ ಅದು ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಹೆಸರಿನ ಜಾಗಕ್ಕೆ 20ರ ಮಿತಿ ಇಟ್ಟರೆ ಅವರ ಇನಿಷಿಯಲ್ಲು, ಊರಿನ ಹೆಸರು ಎಲ್ಲಿ ಹಿಡಿಸಬೇಕು? ಅಂಕಿಯ ಜಾಗದಲ್ಲಿ ಯಾರಾದರೂ ೫ ಅಂತ ಕನ್ನಡದಲ್ಲಿ ಒತ್ತಿದರೆ ವೆಬ್ ಪುಟ ಅದನ್ನು ಅಂಕಿ ಅಂತಲೇ ಒಪ್ಪುವುದಿಲ್ಲ. ಇವೆಲ್ಲ ಕನ್ನಡ ಬಲ್ಲ ಒಬ್ಬರನ್ನು ಕೂರಿಸಿ ಒಂದು ಫಾರಂ ತುಂಬಿಸಿದರೆ ಸಿಕ್ಕಿಬೀಳುವ ತಪ್ಪುಗಳು.

ಇನ್ನು ನೆಟ್‌ವರ್ಕ್. ಕಂಪ್ಯೂಟರಿನ ಕ್ರೋಮ್‌ನಲ್ಲಿ ನೆಟ್ ನಿಧಾನ ಮಾಡಿ ನೋಡುವ ಅನುಕೂಲ ಇದೆ, ಒಳ್ಳೆಯದೇ. ಆದರೆ ನಮ್ಮ ನೆಟ್ ಬರೀ ನಿಧಾನವಲ್ಲ, ಅದು ಬಂದು ಹೋಗುವಂಥದ್ದು. ಕೆರೆ ಏರಿ ಮೇಲೆ ಎರಡು ಕಡ್ಡಿ, ಇಳಿದರೆ ಸೊನ್ನೆ. ‘ಸಲ್ಲಿಸಿ’ ಒತ್ತಿದ ಮೇಲೆ ನೆಟ್ ಹೋದರೆ ಅರ್ಜಿ ಹೋಯಿತೋ ಇಲ್ಲವೋ? ಮತ್ತೆ ಒತ್ತಿದರೆ ಎರಡು ಅರ್ಜಿ ಆಗುತ್ತದೋ? ಏರಿ ಹತ್ತಿ ಇಳಿದು ನೋಡದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ವೆಬ್‌ವ್ಯೂನದೂ ಒಂದು ತಾಪತ್ರಯ ಇದೆ. ಆಂಡ್ರಾಯ್ಡ್ 5ರಿಂದ ಈಚೆಗೆ ಅದು ಪ್ಲೇ ಸ್ಟೋರ್ ಮೂಲಕ ಅಪ್‌ಡೇಟ್ ಆಗುತ್ತದೆ. ಡೇಟಾ ಉಳಿಸಲು ಅಪ್‌ಡೇಟ್ ನಿಲ್ಲಿಸಿದವರ, ಮೆಮೊರಿ ತುಂಬಿದವರ ಫೋನಿನಲ್ಲಿ ಹಳೆಯದೇ ಉಳಿದಿರುತ್ತದೆ. ಹೊಸ ರೀತಿಯ ಜಾವಾಸ್ಕ್ರಿಪ್ಟ್ ಅದಕ್ಕೆ ಅರ್ಥವಾಗದೆ ಬಿಳಿ ಪರದೆ ಬಂದು ನಿಲ್ಲುತ್ತದೆ. ಹೊಸದರಲ್ಲಿ ತಪ್ಪೇ ಇರುವುದಿಲ್ಲ ಅಂತಲೂ ಅಲ್ಲ. 2021ರ ಮಾರ್ಚಿನಲ್ಲಿ ವೆಬ್‌ವ್ಯೂ ದೋಷದಿಂದ ಲೋಕದ ತುಂಬ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಂಡವು, ಜಿಮೇಲ್ ಕೂಡ. ಅವತ್ತು ಮಾತ್ರ ಯಾರೂ “ನಿಮ್ಮ ಫೋನ್ ಹಳೇದು” ಅನ್ನಲಿಲ್ಲ.

ಇದು ಬರೀ ಕಿರಿಕಿರಿಯ ವಿಷಯವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. 2023ರ ಜನವರಿ 1ರಿಂದ ನರೇಗಾದಲ್ಲಿ, ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದ ಕಡೆ, ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಅದು ಯಾವ ತಂತ್ರಜ್ಞಾನದ ಆ್ಯಪ್ ಅನ್ನೋದು ಇಲ್ಲಿ ಮುಖ್ಯವಲ್ಲ. ಹಾಜರಿ ಫೋನಿಗೆ ಹೋದ ದಿನವೇ ಕೂಲಿಯೂ ಫೋನಿನೊಳಗೆ ಹೋಯಿತು. ಅಲ್ಲಿ ಪರೀಕ್ಷೆ ಮಾಡದ ಒಂದು ಗುಂಡಿ ಅಂದರೆ ಯಾರದೋ ಒಂದು ದಿನದ ದುಡ್ಡು.

ಆ್ಯಪ್ ಬರೆಯುವ ಹುಡುಗರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವರಲ್ಲಿ ಎಷ್ಟೋ ಜನ ನಮ್ಮ ಊರುಗಳವರೇ. ಇಷ್ಟು ದಿನದಲ್ಲಿ ಆ್ಯಪ್ ಕೊಡು ಅಂತ ಹೇಳುತ್ತಾರೆಯೇ ಹೊರತು ಯಾವ ಫೋನಿನಲ್ಲಿ ಓಡಬೇಕು ಅಂತ ಯಾರೂ ಬರೆದುಕೊಡುವುದಿಲ್ಲ. ಬದಲಾಗಬೇಕಾದ್ದು ಟೆಂಡರ್ ಕಾಗದ. ಒಂದೇ ಕೋಡಿನಲ್ಲಿ ಎರಡೂ ಬಗೆಯ ಫೋನಿಗೆ ಆ್ಯಪ್ ಮಾಡಿ ಉಳಿಸಿದ ಹಣದಲ್ಲಿ ನಾಲ್ಕು ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳಲಿ. ಒಂದು ಗ್ರಾಮ ಪಂಚಾಯಿತಿಗೆ ಹೋಗಿ, ಆಶಾ ಕಾರ್ಯಕರ್ತೆ, ಮೇಟಿ, ಒಬ್ಬ ರೈತ, ಒಬ್ಬ ಅಜ್ಜಿ ಇಷ್ಟು ಜನರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ನೋಡಲಿ. ಅವರು ಕೆಲಸ ಮುಗಿಸಿದ ಮೇಲೆ ಬಿಲ್ ಪಾಸ್ ಆಗಲಿ. ಬರೀ ಅರ್ಜಿ ತುಂಬುವ ಕೆಲಸಕ್ಕಾದರೆ ಆ್ಯಪೇ ಬೇಡ, ಬ್ರೌಸರಿನಲ್ಲಿ ತೆರೆಯುವ ಪುಟ ಸಾಕು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು. ಆ್ಯಪ್ ಕೈಕೊಟ್ಟಾಗ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನಿನ ಮಾಡೆಲ್, ಆಂಡ್ರಾಯ್ಡ್ ಎಷ್ಟನೆಯದು, ದಿನ, ಸಮಯ ಬರೆದುಕೊಳ್ಳಿ. ಸೆಟ್ಟಿಂಗ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋದರೆ ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಅಂತ ಇರುತ್ತದೆ, ಅದು ಕಾಣದಿದ್ದರೆ ಕ್ರೋಮ್. ಅದರ ವರ್ಷನ್ ನಂಬರನ್ನೂ ಬರೆಯಿರಿ. ಇದನ್ನೆಲ್ಲ ಬಿಳಿ ಹಾಳೆಯಲ್ಲಿ ದೂರಾಗಿ ಬರೆದು ಕಚೇರಿಗೆ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. “ಫೋನ್ ಬೇರೆ ತಗೊಳ್ಳಿ” ಅಂದರೆ, ಅದನ್ನೂ ಆ ಹಾಳೆಯ ಮೇಲೆಯೇ ಬರೆದು ಸಹಿ ಮಾಡಿಕೊಡಿ ಅಂತ ಕೇಳಿ.